ಸಿದ್ದಿ ಕೌದಿ

ಸಿದ್ದಿ ಕೌದಿ ಎಂಬುದು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆ ಹಾಗೂ ಅದರ ನೆರೆಯ ಪ್ರದೇಶಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಕೈಯಿಂದ ಹೊಲಿದು ಸಿದ್ಧಪಡಿಸುವ ಹಾಸು ಹೊದಿಕೆಯಾಗಿದೆ. ಇದನ್ನು ಕವಂದಿ ಎಂದೂ ಕರೆಯಲಾಗುತ್ತದೆ. ಹಳೆಯ ಸೀರೆಯೊಂದನ್ನು ತಳಬಟ್ಟೆಯಾಗಿ ಹಾಸಿ, ಅದರ ಮೇಲೆ ಬಣ್ಣಬಣ್ಣದ ತೇಪೆಗಳನ್ನು ಹೊರ ಅಂಚಿನಿಂದ ಆರಂಭಿಸಿ ನಡುವಿನವರೆಗೆ ಸುತ್ತುತ್ತ ಹೊಲಿಯುವುದು ಈ ಕೌದಿಯ ಮುಖ್ಯ ಲಕ್ಷಣ. ನಾಲ್ಕು ಮೂಲೆಗಳಲ್ಲಿ ‘ಫುಲ’ ಎಂಬ ಮಡಿಕೆಯ ತುಂಡುಗಳನ್ನು ಸೇರಿಸಿದ ಮೇಲೆಯೇ ಕೌದಿ ಪೂರ್ಣವಾಯಿತೆಂದು ಭಾವಿಸಲಾಗುತ್ತದೆ.

ಕೌದಿಯನ್ನು ಹೊಲಿಯುವವರು ಬಹುಮಟ್ಟಿಗೆ ತಮಗಾಗಿ ಹೊಲಿದುಕೊಳ್ಳುವುದಿಲ್ಲ. ಹುಟ್ಟುವ ಮಗು, ಮೊಮ್ಮಕ್ಕಳು, ಮಕ್ಕಳು ಮತ್ತು ಬಂಧುಗಳಿಗಾಗಿ ಹಿರಿಯ ಮಹಿಳೆಯರು ಅದನ್ನು ಹೊಲಿಯುತ್ತಾರೆ. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಗುಂಪು ರೂಪುಗೊಂಡ ಬಳಿಕ ಈ ಕೌದಿಗಳು ಮನೆಯ ಹೊರಗಿನವರಿಗೂ ಮಾರಾಟದ ಮೂಲಕ ತಲುಪತೊಡಗಿದವು. 2011ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇವುಗಳಿಗೇ ಮೀಸಲಾದ ಪ್ರದರ್ಶನ ನಡೆಯಿತು.

ಹೆಸರು

‘ಕೌದಿ’ ಎಂಬ ಪದ ಸಿದ್ದಿ ಸಮುದಾಯಕ್ಕೆ ಮಾತ್ರ ಸೀಮಿತವಾದುದಲ್ಲ. ಧಾರವಾಡ, ಬೆಳಗಾವಿ, ಹಾವೇರಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ, ಅರೆಮಲೆನಾಡಿನ ಹಾನಗಲ್, ಸೊರಬ, ಶಿಕಾರಿಪುರದ ಕಡೆಗಳಲ್ಲಿಯೂ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆಗೆ ಕೌದಿ ಎಂಬ ಹೆಸರು ಬಳಕೆಯಲ್ಲಿದೆ. ಕವದಿ, ಕೌಂದಿ, ಕವಂದಿ ಎಂಬ ರೂಪಭೇದಗಳೂ ಕೇಳಿಬರುತ್ತವೆ. ಮರಾಠಿಯಲ್ಲಿ ಇಂಥ ಹೊದಿಕೆಯನ್ನು ಗೋಧಡಿ ಎಂದೂ, ಕೊಂಕಣಿಯಲ್ಲಿ ವಾಕಳ ಎಂದೂ ಕರೆಯುತ್ತಾರೆ. ಸಿದ್ದಿಗಳ ಕೌದಿಯ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಬರಹಗಳಲ್ಲಿ ‘ಕವಂದಿ’ ಎಂಬ ರೂಪವೇ ಹೆಚ್ಚಾಗಿ ಬಳಕೆಯಾಗಿದೆ. ಇದರಿಂದಾಗಿ ವಿದೇಶಗಳ ಹೊಲಿಗೆಗಾರರು ಆ ಪದವನ್ನು ಒಂದು ನಿರ್ದಿಷ್ಟ ಹೊಲಿಗೆ ವಿಧಾನದ ಹೆಸರಾಗಿ ಗ್ರಹಿಸಿದ್ದಾರೆ.

ಸಮುದಾಯದ ಹಿನ್ನೆಲೆ

ಸಿದ್ದಿಗಳು ಆಫ್ರಿಕ ಮೂಲದ ಭಾರತೀಯರು. ಇವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕದ ಪೂರ್ವ ಕರಾವಳಿಯಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅರಬ್ ವರ್ತಕರ ಮೂಲಕವೂ ಆಫ್ರಿಕದ ಜನ ಪಶ್ಚಿಮ ಕರಾವಳಿಗೆ ಮತ್ತು ದಖ್ಖನಿಗೆ ಬಂದರು. ಗೋವೆಯಿಂದ ತಪ್ಪಿಸಿಕೊಂಡವರು ಹಾಗೂ ಬಿಡುಗಡೆ ಹೊಂದಿದವರು ಘಟ್ಟದ ಕಾಡುಗಳನ್ನು ಸೇರಿ ನೆಲೆ ನಿಂತರು. ಇಂದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಶಿರಸಿ ಮತ್ತು ಜೋಯಿಡಾ ತಾಲೂಕುಗಳಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿ ಹಾಗೂ ಬೆಳಗಾವಿ ಜಿಲ್ಲೆಯ ಖಾನಾಪುರದ ಭಾಗಗಳಲ್ಲಿ ಸಿದ್ದಿಗಳ ವಸತಿಗಳಿವೆ.

ಸಮುದಾಯದಲ್ಲಿ ಹಿಂದೂ, ಕ್ಯಾಥೊಲಿಕ್ ಕ್ರೈಸ್ತ ಮತ್ತು ಮುಸ್ಲಿಂ ಧರ್ಮದವರಿದ್ದಾರೆ. ಹಿಂದೂ ಸಿದ್ದಿಗಳು ಯಲ್ಲಾಪುರ, ಅಂಕೋಲಾ ಹಾಗೂ ಶಿರಸಿ ಭಾಗದಲ್ಲಿ ಹೆಚ್ಚಾಗಿದ್ದರೆ, ಕ್ರೈಸ್ತ ಮತ್ತು ಮುಸ್ಲಿಂ ಸಿದ್ದಿಗಳು ಹಳಿಯಾಳ ಮತ್ತು ಮುಂಡಗೋಡ ಭಾಗದಲ್ಲಿ ಹೆಚ್ಚಾಗಿ ಕಂಡುಬರುತ್ತಾರೆ. ಇವರು ಕೊಂಕಣಿಯ ಒಂದು ರೂಪ, ಕನ್ನಡ, ಮರಾಠಿ ಹಾಗೂ ಉರ್ದು ಭಾಷೆಗಳನ್ನಾಡುತ್ತಾರೆ. ಹೆಚ್ಚಿನವರ ಜೀವನೋಪಾಯ ಸಣ್ಣ ಹಿಡುವಳಿಯ ಬೇಸಾಯ, ಕೃಷಿಕೂಲಿ ಮತ್ತು ಅರಣ್ಯ ಉತ್ಪನ್ನಗಳ ಸಂಗ್ರಹ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಈ ಮಾನ್ಯತೆ ದೊರೆಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ರಾಜ್ಯದ ಶಾಸಕಾಂಗವನ್ನು ಪ್ರವೇಶಿಸಿದ ಸಿದ್ದಿ ಸಮುದಾಯದ ಮೊದಲ ವ್ಯಕ್ತಿ ಅವರು.

ಸಾಮಗ್ರಿ

ಕೌದಿಗೆ ಹೊಸ ಬಟ್ಟೆಯನ್ನು ಕೊಳ್ಳುವುದು ರೂಢಿಯಲ್ಲ. ಉಟ್ಟು ಹಳತಾದ ಸೀರೆ, ಲುಂಗಿ, ಅಂಗಿ, ಲಂಗ, ಮಕ್ಕಳ ಉಡುಪು ಇವೆಲ್ಲವೂ ಅದರ ಸಾಮಗ್ರಿ. ಹರಿದ ಭಾಗವನ್ನು ಬಿಟ್ಟು ಗಟ್ಟಿಯಾಗಿರುವ ಭಾಗವನ್ನು ಕತ್ತರಿಸಿ ಗಂಟು ಕಟ್ಟಿ ಇಡಲಾಗುತ್ತದೆ. ಸಾಕಷ್ಟು ತುಂಡುಗಳು ಕೂಡಿದ ಮೇಲೆ ಕೆಲಸ ಆರಂಭವಾಗುತ್ತದೆ. ದರ್ಜಿಗಳ ಬಳಿ ಉಳಿಯುವ ಚೂರುಗಳೂ ಇದಕ್ಕೆ ಒದಗುತ್ತವೆ.

ತಳಬಟ್ಟೆಗೆ ಹತ್ತಿಯ ಸೀರೆ ಅತ್ಯಂತ ಸೂಕ್ತವೆನಿಸಿದೆ. ಹಲವು ಬಾರಿ ಒಗೆದ ಹತ್ತಿ ಮೃದುವಾಗಿರುತ್ತದೆ, ಸೂಜಿ ಸುಲಭವಾಗಿ ಇಳಿಯುತ್ತದೆ ಮತ್ತು ಬೆವರನ್ನು ಹೀರುತ್ತದೆ. ಸಾಮಾನ್ಯ ಸೀರೆಯ ಉದ್ದ ಐದೂವರೆ ಮೀಟರಿನಷ್ಟು, ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಅದನ್ನು ಅರ್ಧಕ್ಕೆ ಮಡಚಿದರೆ ಒಬ್ಬರು ಮಲಗಬಹುದಾದಷ್ಟು ಅಳತೆಯ ಎರಡು ಪದರಗಳು ದೊರೆಯುತ್ತವೆ. ಅರ್ಧಕ್ಕೆ ಕತ್ತರಿಸಿ ಎರಡು ಭಾಗಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ಇಬ್ಬರು ಮೂವರಿಗೆ ಸಾಕಾಗುವ ಅಗಲದ ಕೌದಿಯಾಗುತ್ತದೆ. ಹೀಗೆ ಕೌದಿಯ ಅಳತೆ ಬಹುಮಟ್ಟಿಗೆ ಸೀರೆಯ ಅಳತೆಯಿಂದಲೇ ನಿರ್ಧಾರವಾಗುತ್ತದೆ.

ಇದಲ್ಲದೆ ಬೇಕಾಗುವುದು ಗಟ್ಟಿ ಸೂಜಿ, ದಪ್ಪ ಹತ್ತಿಯ ನೂಲು ಮತ್ತು ಕತ್ತರಿ. ಬಟ್ಟೆಯನ್ನು ಬಿಗಿದು ಹಿಡಿಯುವ ಚೌಕಟ್ಟನ್ನಾಗಲಿ, ಹೊಲಿಗೆ ಯಂತ್ರವನ್ನಾಗಲಿ ಸಾಂಪ್ರದಾಯಿಕವಾಗಿ ಬಳಸುವುದಿಲ್ಲ.

ಹೊಲಿಯುವ ಕ್ರಮ

ತಳಬಟ್ಟೆಯನ್ನು ನೆಲದ ಮೇಲೆ ಹರಡಿ, ಮಹಿಳೆ ಅದರ ಒಂದು ಮೂಲೆಯಲ್ಲಿ ಕುಳಿತು ಕೆಲಸ ಆರಂಭಿಸುತ್ತಾಳೆ. ಮೊದಲ ತೇಪೆಯ ಅಂಚನ್ನೂ ತಳಬಟ್ಟೆಯ ಅಂಚನ್ನೂ ಒಳಕ್ಕೆ ಮಡಚಿ ಹೊಲಿಯುತ್ತಾಳೆ. ಅದರ ಪಕ್ಕಕ್ಕೆ ಮತ್ತೊಂದು ತೇಪೆ, ಅದರ ಪಕ್ಕಕ್ಕೆ ಇನ್ನೊಂದು ಎಂಬಂತೆ ಹೊರ ಅಂಚಿನುದ್ದಕ್ಕೂ ಸಾಗಿ ಮೊದಲ ಸುತ್ತು ಮುಗಿಯುತ್ತದೆ. ನಂತರ ಅದರೊಳಗೆ ಎರಡನೆಯ ಸುತ್ತು, ಮೂರನೆಯ ಸುತ್ತು ಹೀಗೆ ಹೊಲಿಗೆ ನಡುವಿನ ಕಡೆಗೆ ಸರಿಯುತ್ತದೆ. ಒಂದು ತೇಪೆ ಮುಗಿಯುವ ಮೊದಲೇ ಅದರ ಬಿಚ್ಚಿದ ಅಂಚಿನ ಮೇಲೆ ಮುಂದಿನ ತೇಪೆಯನ್ನು ಮಡಚಿ ಇಡುವುದರಿಂದ ಎಳೆ ಬಿಡುವ ಅಂಚುಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ.

ಬಳಸುವ ಹೊಲಿಗೆ ಒಂದೇ. ಸೂಜಿಯನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಏರಿಳಿಸುತ್ತ ಸಾಗುವ, ರನ್ನಿಂಗ್ ಸ್ಟಿಚ್ ಎನ್ನುವ ಸಾದಾ ಹೊಲಿಗೆ. ಈ ಹೊಲಿಗೆಯ ಸಾಲುಗಳು ತೇಪೆಗಳ ಮೇಲೆ ಮಾತ್ರವಲ್ಲದೆ ಇಡೀ ಕೌದಿಯ ಮೇಲೆ ಒತ್ತೊತ್ತಾಗಿ ಹರಡಿಕೊಳ್ಳುತ್ತವೆ. ನೂಲನ್ನು ಮರೆಮಾಚುವ ಪ್ರಯತ್ನವಿರುವುದಿಲ್ಲ. ಬಟ್ಟೆಯ ಬಣ್ಣಕ್ಕೆ ಎದ್ದು ಕಾಣುವ ನೂಲಿನ ಸಾಲುಗಳು ವಿನ್ಯಾಸದ ಒಂದು ಭಾಗವೇ ಆಗಿವೆ. ಹಿಂಬದಿಯಲ್ಲಿ ತೇಪೆಗಳು ಕಾಣದೆ, ಸೀರೆಯ ಮೇಲೆ ಹೊಲಿಗೆಯ ಸುತ್ತುಗಳು ಮಾತ್ರ ಕಾಣುತ್ತವೆ.

ಪಾಶ್ಚಾತ್ಯ ಕ್ವಿಲ್ಟ್ ತಯಾರಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ತುಂಡುಗಳನ್ನು ಸೇರಿಸಿ ಮೇಲ್ಪದರವನ್ನು ಪ್ರತ್ಯೇಕವಾಗಿ ತಯಾರಿಸಿ, ನಡುವೆ ಹತ್ತಿಯ ಪದರವನ್ನಿಟ್ಟು ಮೂರನ್ನೂ ಸೇರಿಸಿ ಹೊಲಿದು, ಕೊನೆಯಲ್ಲಿ ಅಂಚುಪಟ್ಟಿ ಕಟ್ಟುತ್ತಾರೆ. ಸಿದ್ದಿ ಕೌದಿಯಲ್ಲಿ ತುಂಡು ಸೇರಿಸುವುದು, ಪದರಗಳನ್ನು ಬಂಧಿಸುವುದು ಮತ್ತು ಅಂಚು ಕಟ್ಟುವುದು ಮೂರೂ ಒಂದೇ ಹೊಲಿಗೆಯಲ್ಲಿ ನೆರವೇರುತ್ತವೆ. ಅಂಚು ಮೊದಲೇ ಮುಗಿದಿರುವುದರಿಂದ ಕೆಲಸ ಅರ್ಧಕ್ಕೆ ನಿಂತರೂ ಕೌದಿ ಬಿಚ್ಚಿಹೋಗುವುದಿಲ್ಲ. ಮನೆಗೆಲಸ ಮತ್ತು ಹೊಲದ ಕೆಲಸಗಳ ನಡುವೆ ಬಿಡುವಾದಾಗಲೆಲ್ಲ ಮುಂದುವರಿಸಲು ಈ ವಿಧಾನ ಅನುಕೂಲಕರವಾಗಿದೆ.

ಆದರೆ ಹೊರಗಿನಿಂದ ಒಳಕ್ಕೆ ಹೊಲಿಯುವಾಗ ತಳಬಟ್ಟೆ ಎಲ್ಲಿಯಾದರೂ ಸಡಿಲಗೊಂಡಿದ್ದರೆ ಅದು ನಡುವಿನಲ್ಲಿ ಬಂದು ನೆರಿಗೆಯಾಗಿ ನಿಲ್ಲುತ್ತದೆ. ಸುತ್ತುಗಳನ್ನು ಸಮವಾಗಿ ಎಳೆದು ನಡುವನ್ನು ಚಪ್ಪಟೆಯಾಗಿ ಮುಗಿಸುವುದು ಅನುಭವದಿಂದ ಮಾತ್ರ ಬರುವ ಕೌಶಲ. ದೊಡ್ಡ ಕೌದಿಗಳನ್ನು ಇಬ್ಬರು ಮೂವರು ಸೇರಿ ಹೊಲಿಯುವುದೂ ಉಂಟು. ಕಿರಿಯರು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ.

ವಿನ್ಯಾಸ

ಸಿದ್ದಿ ಕೌದಿಗೆ ಮೊದಲೇ ಬರೆದ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡುಗಳ ಅಳತೆ, ಬಣ್ಣಗಳನ್ನು ನೋಡಿ ಮುಂದಿನ ತೇಪೆಯನ್ನು ಆರಿಸಲಾಗುತ್ತದೆ. ಒಬ್ಬಳು ಅಂಗಳದಷ್ಟು ಅಗಲವಾಗಿ ಕಾಣುವ ದೊಡ್ಡ ತುಂಡುಗಳನ್ನು ಮೆಚ್ಚಿದರೆ, ಇನ್ನೊಬ್ಬಳು ಸಣ್ಣ ಪಟ್ಟಿಗಳನ್ನು ಒತ್ತಾಗಿ ಜೋಡಿಸುತ್ತಾಳೆ. ವಿನ್ಯಾಸದಲ್ಲಿ ಸಾಮಾನ್ಯವಾಗಿ ಕಾಣುವ ಅಂಶಗಳು ಇವು:

ಫುಲ: ಚೌಕ ತುಂಡನ್ನು ತ್ರಿಕೋನವಾಗಿ ಮಡಚಿ ಕೌದಿಯ ಮೂಲೆಗಳಲ್ಲಿ ಹೊರಚಾಚುವಂತೆ ಹೊಲಿಯುವ ಅಲಂಕಾರ. ಪದದ ಅರ್ಥ ಹೂವು. ಇದಕ್ಕೆ ಉಪಯೋಗದ ದೃಷ್ಟಿಯಿಂದ ಯಾವ ಅಗತ್ಯವೂ ಇಲ್ಲ. ಆದರೂ ಫುಲವಿಲ್ಲದ ಕೌದಿಯನ್ನು ಅಪೂರ್ಣವೆಂದೇ ಎಣಿಸಲಾಗುತ್ತದೆ.

ಟಿಕೆಲಿ: ದೊಡ್ಡ ತೇಪೆಗಳ ಮೇಲೆ ಕೂರಿಸುವ ಚಿಕ್ಕ ಬಣ್ಣದ ತುಂಡುಗಳು. ತೊಟ್ಟಿಲ ಕೌದಿಗಳಲ್ಲಿ ಇವು ಬಹುಸಂಖ್ಯೆಯಲ್ಲಿರುತ್ತವೆ. ಮಗುವಿನ ಕಣ್ಣನ್ನು ಸೆಳೆಯುವಂತೆ ಗಾಢ ಬಣ್ಣಗಳನ್ನು ಆರಿಸಲಾಗುತ್ತದೆ.

ಧಾರ್ಮಿಕ ಚಿಹ್ನೆಗಳು: ಕ್ಯಾಥೊಲಿಕ್ ಸಿದ್ದಿ ಮಹಿಳೆಯರ ಕೌದಿಗಳಲ್ಲಿ ಶಿಲುಬೆಯ ಆಕಾರವೂ, ಮುಸ್ಲಿಂ ಸಿದ್ದಿ ಮಹಿಳೆಯರ ಕೌದಿಗಳಲ್ಲಿ ಅರ್ಧಚಂದ್ರದ ಆಕಾರವೂ ಕಂಡುಬರುತ್ತವೆ. ಆದರೆ ಇಂಥ ಚಿಹ್ನೆಗಳಿಲ್ಲದ ಕೌದಿಗಳೂ ಸಾಕಷ್ಟಿವೆ. ಹೊಲಿಯುವ ಕ್ರಮ ಎರಡೂ ಧರ್ಮದವರಲ್ಲಿ ಒಂದೇ ಆಗಿರುವುದರಿಂದ, ಚಿಹ್ನೆಯಿಲ್ಲದ ಕೌದಿಯನ್ನು ನೋಡಿ ಹೊಲಿದವರ ಧರ್ಮವನ್ನು ಹೇಳುವುದು ಕಷ್ಟ.

ಬಳಕೆ ಮತ್ತು ಸಾಮಾಜಿಕ ಮಹತ್ವ

ಘಟ್ಟದ ಮಳೆಗಾಲ ದೀರ್ಘವಾದುದು. ಅದರ ಬೆನ್ನಿಗೇ ಚಳಿ ಬರುತ್ತದೆ. ತಣ್ಣನೆಯ ನೆಲದ ಮೇಲೆ ಹಾಸಲು ಮತ್ತು ರಾತ್ರಿ ಹೊದೆಯಲು ಕೌದಿ ಬೇಕೇ ಬೇಕು. ಕೂಲಿಯನ್ನೇ ನಂಬಿದ ಕುಟುಂಬಗಳಲ್ಲಿ ಕಂಬಳಿ ಕೊಳ್ಳುವುದು ಸುಲಭವಾಗಿರಲಿಲ್ಲ. ಹೀಗಾಗಿ ಬೆಚ್ಚನೆಯ ಹಾಸಿಗೆಯನ್ನು ಒದಗಿಸುವ ಹೊಣೆ ಮನೆಯ ಹಿರಿಯ ಮಹಿಳೆಯರ ಸೂಜಿಯ ಮೇಲಿತ್ತು.

ಮಗು ಹುಟ್ಟುವ ಮೊದಲೇ ಅಜ್ಜಿ ಅಥವಾ ಬಂಧುಗಳಲ್ಲಿ ಹಿರಿಯರು ತೊಟ್ಟಿಲಿಗೆ ಪುಟ್ಟ ಕೌದಿಯನ್ನು ಹೊಲಿದಿಡುತ್ತಾರೆ. ಮಕ್ಕಳು ಬೆಳೆದಂತೆ ದೊಡ್ಡ ಕೌದಿಗಳು ಬೇಕಾಗುತ್ತವೆ. ಕೌದಿಯಲ್ಲಿ ಸೇರಿರುವ ಬಟ್ಟೆಗಳು ಮನೆಯವರೇ ಉಟ್ಟು ಬಿಟ್ಟವಾದ್ದರಿಂದ, ಇದು ತಾಯಿಯ ಸೀರೆ, ಇದು ಅಣ್ಣನ ಅಂಗಿ ಎಂದು ಗುರುತಿಸುವುದು ಸಾಧ್ಯ. ತೀರಿಹೋದವರ ಬಟ್ಟೆಯೂ ಕೌದಿಯಲ್ಲಿ ಉಳಿದುಕೊಳ್ಳುತ್ತದೆ.

ಕೌದಿ ಹರಿದರೆ ಎಸೆಯುವುದಿಲ್ಲ. ಸವೆದ ಜಾಗಕ್ಕೆ ಹೊಸ ತೇಪೆ ಹಾಕಲಾಗುತ್ತದೆ. ತೀರ ಹಳೆಯದಾದ ಕೌದಿ ಹೊಸ ಕೌದಿಯ ಒಳಪದರವಾಗುತ್ತದೆ. ಉತ್ತರ ಕರ್ನಾಟಕದ ಕೆಲವೆಡೆ ಕೌದಿಯ ಹೊಟ್ಟೆ ಖಾಲಿ ಇರಬಾರದೆಂಬ ನಂಬಿಕೆಯಿದ್ದು, ಹೊಲಿಗೆ ಮುಗಿಸುವಾಗ ಅದರ ನಡುವೆ ಧಾನ್ಯವನ್ನೋ ತಿನಿಸನ್ನೋ ಇಡುವ ಪದ್ಧತಿಯಿದೆ. ಹೊದ್ದವರ ಹೊಟ್ಟೆಯೂ ತುಂಬಿರಲಿ ಎಂಬ ಹಾರೈಕೆ ಇದರ ಹಿಂದಿದೆ.

ಸಹಕಾರ ಗುಂಪು

ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಜಾನ್ ಡ್ರೂವಲ್ ಅವರು ಭಾರತದಲ್ಲಿರುವ ಆಫ್ರಿಕ ಮೂಲದವರ ಕಲೆಗಳ ಅಧ್ಯಯನಕ್ಕಾಗಿ ಬಂದಾಗ ಸಿದ್ದಿ ಕೌದಿಗಳನ್ನು ಗಮನಿಸಿದರು. ಅವರ ಮತ್ತು ಸಾರಾ ಖಾನ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಗುಂಪು ಆರಂಭವಾಯಿತು. ಕೌದಿಗಳ ಮಾರಾಟದಿಂದ ಬರುವ ಆದಾಯ ಹೊಲಿದವರಿಗೆ ತಲುಪಬೇಕು ಎಂಬುದು ಇದರ ಉದ್ದೇಶ. ಕ್ಯಾಥೊಲಿಕ್ ಮತ್ತು ಮುಸ್ಲಿಂ ಸಿದ್ದಿ ಮಹಿಳೆಯರ ಕೌದಿಗಳು ಇದರ ಮೂಲಕ ಹೊರಜಗತ್ತಿಗೆ ಪರಿಚಯವಾದವು.

ಕೂಲಿಯ ಕೆಲಸ ವರ್ಷವಿಡೀ ದೊರೆಯದ ಪ್ರದೇಶದಲ್ಲಿ, ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸಕ್ಕೆ ಹಣ ದೊರೆಯುವುದು ಮಹತ್ವದ ಬದಲಾವಣೆಯಾಗಿತ್ತು. ಹೊಲದ ದುಡಿಮೆಗೆ ಶಕ್ತಿ ಸಾಲದ ಹಿರಿಯ ಮಹಿಳೆಯರೂ ಕೌದಿ ಹೊಲಿಯಬಲ್ಲರು ಎಂಬುದು ಇದರ ವಿಶೇಷ.

ಪ್ರದರ್ಶನ ಮತ್ತು ಪ್ರಸಾರ

2011ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಅಂಗವಾದ ಶಾಂಬರ್ಗ್ ಕೇಂದ್ರದಲ್ಲಿ ‘ಸೋಲ್‌ಫುಲ್ ಸ್ಟಿಚಿಂಗ್’ ಎಂಬ ಹೆಸರಿನಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಆಫ್ರಿಕ ಮೂಲದ ಜನರ ಇತಿಹಾಸ ಮತ್ತು ಸಂಸ್ಕೃತಿಯ ಸಂಶೋಧನೆಗೆ ಮೀಸಲಾದ ಕೇಂದ್ರ ಇದು. ಅದೇ ಪ್ರದರ್ಶನ ಸ್ಯಾನ್ ಫ್ರಾನ್ಸಿಸ್ಕೊದ ಆಫ್ರಿಕನ್ ಡಯಾಸ್ಪೊರಾ ವಸ್ತುಸಂಗ್ರಹಾಲಯದಲ್ಲಿಯೂ ನಡೆಯಿತು. ಅಮೆರಿಕದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಜಿಯೊ ಅವರು ಸಿದ್ದಿ ಮಹಿಳೆಯರಿಂದ ಕಲಿತ ವಿಧಾನವನ್ನು ತಮ್ಮ ದೇಶದಲ್ಲಿ ಇತರರಿಗೆ ಕಲಿಸಿದರು. ಆ ಬಳಿಕ ‘ಕವಂದಿ’ ಎಂಬ ಹೆಸರಿನಲ್ಲಿ ಹಲವು ದೇಶಗಳ ಹೊಲಿಗೆಗಾರರು ಈ ಕ್ರಮವನ್ನು ಅನುಸರಿಸುತ್ತಿದ್ದಾರೆ. ಭಾರತದ ಕೌದಿ ಪರಂಪರೆಗಳ ಕುರಿತು ಪ್ಯಾಟ್ರಿಕ್ ಜೆ. ಫಿನ್ ಬರೆದ ‘ಕ್ವಿಲ್ಟ್ಸ್ ಆಫ್ ಇಂಡಿಯಾ’ ಗ್ರಂಥ 2014ರಲ್ಲಿ ಪ್ರಕಟವಾಯಿತು.

ಇತರ ಪರಂಪರೆಗಳೊಂದಿಗೆ ಹೋಲಿಕೆ

ಹಳೆಯ ಬಟ್ಟೆಯಿಂದ ಹೊದಿಕೆ ಮಾಡುವ ಕಲೆ ಭಾರತೀಯ ಉಪಖಂಡದ ಹಲವೆಡೆ ಇದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ, ಮಹಾರಾಷ್ಟ್ರದ ಗೋಧಡಿ ಇವುಗಳಲ್ಲಿ ಪ್ರಸಿದ್ಧವಾದವು. ಕಾಂಥಾದಲ್ಲಿ ಹೊಲಿಗೆಯಿಂದಲೇ ಚಿತ್ರಗಳನ್ನು ಮೂಡಿಸಿದರೆ, ಸಿದ್ದಿ ಕೌದಿಯಲ್ಲಿ ತೇಪೆಗಳ ಬಣ್ಣ ಮತ್ತು ಜೋಡಣೆಯೇ ಪ್ರಧಾನ.

ಸಿದ್ದಿ ಕೌದಿಗಳನ್ನು ಅಮೆರಿಕದ ಅಲಬಾಮ ರಾಜ್ಯದ ಗೀಸ್ ಬೆಂಡ್ ಎಂಬಲ್ಲಿನ ಆಫ್ರಿಕನ್ ಅಮೆರಿಕನ್ ಮಹಿಳೆಯರ ಕ್ವಿಲ್ಟ್‌ಗಳೊಂದಿಗೆ ಹೋಲಿಸುವುದುಂಟು. ದೊಡ್ಡ ತುಂಡುಗಳು, ಗಾಢ ಬಣ್ಣಗಳು ಮತ್ತು ನಕ್ಷೆಯಿಲ್ಲದ ಜೋಡಣೆ ಎರಡರಲ್ಲೂ ಕಾಣುತ್ತವೆ. ಗೀಸ್ ಬೆಂಡ್ ಪ್ರದೇಶದಲ್ಲಿಯೂ 1966ರಲ್ಲಿ ಫ್ರಾನ್ಸಿಸ್ ಎಕ್ಸ್. ವಾಲ್ಟರ್ ಎಂಬ ಎಪಿಸ್ಕೋಪಲ್ ಪಾದ್ರಿಯ ನೆರವಿನಿಂದ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಮಹಿಳಾ ಸಹಕಾರ ಸಂಘ ಸ್ಥಾಪನೆಯಾಗಿತ್ತು. ಆದರೆ ಈ ಹೋಲಿಕೆಯಿಂದ ಕೌದಿಯ ಕಲೆ ಆಫ್ರಿಕದಿಂದಲೇ ಬಂದುದೆಂದು ತೀರ್ಮಾನಿಸಲಾಗದು. ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ ಸಿದ್ದಿಗಳ ನೆರೆಹೊರೆಯ ಅನೇಕ ಸಮುದಾಯಗಳೂ ಕೌದಿ ಹೊಲಿಯುತ್ತವೆ. ನೆಲದ ಕಲೆಯೊಂದನ್ನು ಸಿದ್ದಿ ಮಹಿಳೆಯರು ತಮ್ಮದೇ ಅಭಿರುಚಿಯಿಂದ ಬೆಳೆಸಿದ್ದಾರೆ ಎಂದು ಹೇಳಬಹುದು.

ಅಮೆರಿಕದ ಚರ್ಚುಗಳಲ್ಲಿ ಮಹಿಳೆಯರು ಗುಂಪಾಗಿ ಕುಳಿತು ಅಪರಿಚಿತ ಸಂತ್ರಸ್ತರಿಗಾಗಿ ಕ್ವಿಲ್ಟ್ ಹೊಲಿದುಕೊಡುವ ರೂಢಿಯೂ ಇದೆ. 1945ರಲ್ಲಿ ಸ್ಥಾಪನೆಯಾದ ಲುಥೆರನ್ ವರ್ಲ್ಡ್ ರಿಲೀಫ್ ಸಂಸ್ಥೆ ಇಂಥ ಕ್ವಿಲ್ಟ್‌ಗಳನ್ನು ಸಂಗ್ರಹಿಸಿ ವಿವಿಧ ದೇಶಗಳ ನಿರಾಶ್ರಿತರಿಗೆ ಹಂಚುತ್ತದೆ. ಸಿದ್ದಿ ಕೌದಿಯೂ ಇತರರಿಗಾಗಿ ಹೊಲಿದದ್ದೇ. ಆದರೆ ಅದು ದಾನವಾಗಿ ಅಲ್ಲ, ಬಂಧುತ್ವದ ಕರ್ತವ್ಯವಾಗಿ ಬೆಳೆದುಬಂದಿದೆ. ಸಹಕಾರ ಗುಂಪಿನ ನಂತರ ದುಡಿಮೆಯೂ ಆಗಿದೆ.

ಸವಾಲುಗಳು

ಹತ್ತಿಯ ಸೀರೆಗಳ ಬಳಕೆ ಕಡಿಮೆಯಾಗಿ ಪಾಲಿಯೆಸ್ಟರ್ ಸೀರೆಗಳು ಹೆಚ್ಚಿರುವುದು ಕೌದಿಯ ಸಾಮಗ್ರಿಯ ಮೇಲೆ ಪರಿಣಾಮ ಬೀರಿದೆ. ಪಾಲಿಯೆಸ್ಟರ್ ಬೇಗ ಸವೆಯುವುದಿಲ್ಲವಾದರೂ ಜಾರುತ್ತದೆ, ಬೆವರು ಹೀರುವುದಿಲ್ಲ. ಯಂತ್ರದಲ್ಲಿ ತಯಾರಾದ ಅಗ್ಗದ ಹೊದಿಕೆಗಳು ಸಂತೆಗಳಲ್ಲಿ ಸುಲಭವಾಗಿ ದೊರೆಯುವುದರಿಂದ ಮನೆಬಳಕೆಗೆ ಕೌದಿ ಹೊಲಿಯುವ ಅಗತ್ಯವೂ ಕುಗ್ಗಿದೆ.

ಬೆಲೆಯ ಪ್ರಶ್ನೆ ಇನ್ನೊಂದು. ಹಳೆಯ ಬಟ್ಟೆಗೆ ಬೆಲೆಯಿಲ್ಲವಾದ್ದರಿಂದ ಕೌದಿಯ ಬೆಲೆಯೆಂದರೆ ಬಹುತೇಕ ಹೊಲಿದವರ ಸಮಯದ ಬೆಲೆಯೇ. ಸಾವಿರಾರು ಹೊಲಿಗೆಗಳ ಈ ದುಡಿಮೆಗೆ ದಿನಗೂಲಿಯಷ್ಟಾದರೂ ಪ್ರತಿಫಲ ಸಿಗದಿದ್ದರೆ ಕಿರಿಯರು ಇದನ್ನು ಕಲಿಯಲು ಮುಂದಾಗುವುದು ಕಷ್ಟ. ‘ಕವಂದಿ’ ಎಂಬ ಹೆಸರು ಜಗತ್ತಿನಾದ್ಯಂತ ಹರಡುತ್ತಿರುವಾಗ, ಅದರ ಮೂಲ ಕರ್ತೃಗಳಾದ ಸಿದ್ದಿ ಮಹಿಳೆಯರ ಹೆಸರೂ ಅದರೊಂದಿಗೆ ಉಳಿಯಬೇಕೆಂಬುದು ಮುಖ್ಯ ವಿಚಾರ. ಕೊಳ್ಳುವವರ ಇಚ್ಛೆಗೆ ತಕ್ಕಂತೆ ಹೊಸ ಬಟ್ಟೆ ಮತ್ತು ಸೌಮ್ಯ ಬಣ್ಣಗಳನ್ನು ಬಳಸಿದಾಗ, ಮನೆಯವರ ಹಳೆಯ ಬಟ್ಟೆಯಿಂದಲೇ ಹುಟ್ಟಿದ ಕೌದಿಯ ಸ್ವರೂಪ ಬದಲಾಗುವ ಸಾಧ್ಯತೆಯೂ ಇದೆ.

ಇವನ್ನೂ ನೋಡಿ

ಸಿದ್ದಿ ಜನಾಂಗ
ಕೌದಿ
ಕಾಂಥಾ ಕಸೂತಿ
ಧಾರವಾಡ ಕಸೂತಿ
ಮುಂಡಗೋಡ
ಹಳಿಯಾಳ
ಉತ್ತರ ಕನ್ನಡ